ವಿಂಡೋಸ್ 11 ಹಾಕಿದ ಮೇಲೆ ವರ್ಚುವಲ್ ಮಷೀನ್ ಏಳುತ್ತಿಲ್ವಾ? ಡಿಲೀಟ್ ಮಾಡಬೇಡಿ, ಲಾಗ್ ಓದಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಆಮೇಲೆ ಡಿಟಿಪಿ ಸೆಂಟರ್, ಸಣ್ಣ ಪ್ರೆಸ್‌ನವರಿಂದ ನಾನು ಕೇಳುತ್ತಿರುವುದು ಒಂದೇ ದೂರು. ವಿಂಡೋಸ್ 11 ಹಾಕಿಸಿದೆವು, ವರ್ಚುವಲ್‌ಬಾಕ್ಸನ್ನೂ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್, ಅಂದರೆ ವರ್ಚುವಲ್ ಮಷೀನ್, ನಡೆಸುವ ಸಾಫ್ಟ್‌ವೇರ್) ಹೊಸದು ಮಾಡಿದೆವು, ಅದರೊಳಗಿನ ಹಳೆಯ ವಿಂಡೋಸ್ ಎಕ್ಸ್‌ಪಿ ಮಾತ್ರ ಸ್ಟಾರ್ಟ್ ಒತ್ತಿದ ತಕ್ಷಣ ಬಿದ್ದುಹೋಗುತ್ತೆ. ಆ ಎಕ್ಸ್‌ಪಿಯಲ್ಲಿ ಇರುವುದು ಪುಟ ಕಟ್ಟುವ ಪೇಜ್‌ಮೇಕರ್, ಕನ್ನಡ ಟೈಪಿಂಗ್‌ನ ನುಡಿ ಮತ್ತು ವರ್ಷಗಟ್ಟಲೆ ಕೂತು ಮಾಡಿದ ಪುಸ್ತಕಗಳು. ಪೇಜ್‌ಮೇಕರ್‌ಗೆ ಯೂನಿಕೋಡ್ (ಈಗಿನ ಅಕ್ಷರ ಸಂಕೇತ ಪದ್ಧತಿ) ಗೊತ್ತಿಲ್ಲ. ಹಳೆಯ ನುಡಿ ಫಾಂಟ್‌ನಲ್ಲಿ ಕಟ್ಟಿದ ಪುಟ ಇದ್ದ ಹಾಗೇ ತೆರೆಯಬೇಕೆಂದರೆ ಆ ಹಳೆಯ ವ್ಯವಸ್ಥೆಯೇ ಬೇಕು.

ಇಂಥ ಹೊತ್ತಲ್ಲಿ ಜನ ಗಾಬರಿಯಲ್ಲಿ ಮಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಸೆಟ್ಟಿಂಗ್ಸ್ ತೆರೆದು ಕಂಡಕಂಡ ಟಿಕ್ ಬದಲಾಯಿಸುತ್ತಾರೆ. ಅದೂ ಆಗಲಿಲ್ಲವೆಂದರೆ 'ರಿಮೂವ್' ಒತ್ತಿ, 'ಡಿಲೀಟ್ ಆಲ್ ಫೈಲ್ಸ್' ಎಂಬುದಕ್ಕೂ ಹೂಂ ಅಂದುಬಿಡುತ್ತಾರೆ. ಎಷ್ಟೋ ಸಲ ಒಳಗಿನ ಡಿಸ್ಕ್‌ಗೆ ಏನೂ ಆಗಿರುವುದಿಲ್ಲ. ತೊಂದರೆ ಇರುವುದು ಹೊರಗಿನ ವಿಂಡೋಸ್‌ನಲ್ಲಿ.

ಮೊದಲು ಕಾಪಿ

ವರ್ಚುವಲ್‌ಬಾಕ್ಸ್ ಮುಚ್ಚಿ, 'ವರ್ಚುವಲ್‌ಬಾಕ್ಸ್ ವಿಎಂಸ್' ಫೋಲ್ಡರಿನಲ್ಲಿರುವ ನಿಮ್ಮ ಮಷೀನಿನ ಇಡೀ ಫೋಲ್ಡರನ್ನು ಬೇರೆ ಡಿಸ್ಕಿಗೆ ಹಾಕಿಕೊಳ್ಳಿ. ಮಷೀನಿನ ಡಿಸ್ಕ್ ಆಗಿರುವ ವಿಡಿಐ ಫೈಲ್ ಒಂದನ್ನೇ ಎತ್ತಿಕೊಂಡರೆ ಸಾಲದು. ಸ್ನ್ಯಾಪ್‌ಶಾಟ್ (ಮಷೀನಿನ ಆ ಹೊತ್ತಿನ ಸ್ಥಿತಿಯ ದಾಖಲೆ) ತೆಗೆದಿದ್ದರೆ ಇತ್ತೀಚಿನ ಕೆಲಸವೆಲ್ಲ 'ಸ್ನ್ಯಾಪ್‌ಶಾಟ್ಸ್' ಫೋಲ್ಡರಿನಲ್ಲಿರುತ್ತದೆ.

ಹೆಸರಿನ ಕೆಳಗೆ 'ಸೇವ್ಡ್' ಅಂತಿದೆಯಾ?

ಎಕ್ಸ್‌ಪಿಯನ್ನು ಶಟ್ ಡೌನ್ ಮಾಡದೆ 'ಸೇವ್ ಸ್ಟೇಟ್' ಕೊಟ್ಟು ಮುಚ್ಚುವ ಅಭ್ಯಾಸ ತುಂಬ ಜನಕ್ಕಿದೆ. ಆಗ ಮೆಮೊರಿಯಲ್ಲಿದ್ದದ್ದೆಲ್ಲ ಒಂದು ಫೈಲಿಗೆ ಇಳಿಯುತ್ತದೆ. ಒಂದು ಆವೃತ್ತಿ ಬರೆದದ್ದನ್ನು ಇನ್ನೊಂದು ಆವೃತ್ತಿ ಓದುತ್ತದೆ ಎಂಬ ಖಾತರಿ ಇಲ್ಲ. ಪ್ರೊಸೆಸರ್ ಬದಲಾಗಿದ್ದರಂತೂ ಆಸೆ ಬಿಡಿ. 'ಡಿಸ್ಕಾರ್ಡ್ ಸೇವ್ಡ್ ಸ್ಟೇಟ್' ಕೊಟ್ಟು ಹೊಸದಾಗಿ ಸ್ಟಾರ್ಟ್ ಮಾಡಿ. ಕರೆಂಟ್ ಹೋದಾಗ ಆಗುವಷ್ಟೇ ನಷ್ಟ: ಸೇವ್ ಮಾಡದ ಕೆಲಸ ಹೋಗುತ್ತೆ, ಡಿಸ್ಕಿನಲ್ಲಿರುವುದು ಉಳಿಯುತ್ತೆ. ಸೇವ್ ಮಾಡದ ಪುಟ ಬೇಕೇ ಬೇಕಾದರೆ ಹಳೆಯ ಆವೃತ್ತಿಯನ್ನೇ ಮತ್ತೆ ಹಾಕಿ ನೋಡಿ. ಎದ್ದರೆ ಸರಿಯಾಗಿ ಶಟ್ ಡೌನ್ ಮಾಡಿ, ಆಮೇಲೆ ಹೊಸ ಆವೃತ್ತಿಗೆ ಬನ್ನಿ.

ಸೇವ್ ಸ್ಟೇಟ್ ಅಭ್ಯಾಸವನ್ನೇ ಬಿಟ್ಟುಬಿಡಿ ಅನ್ನುತ್ತೇನೆ. ಅದರಿಂದ ಉಳಿಯುವ ಸಮಯ ಅರ್ಧ ನಿಮಿಷ, ಅಷ್ಟೇ.

ಲಾಗ್ ಓದುವುದು

ಎಲ್ಲರೂ ಎಡವುವುದು ಇಲ್ಲೇ. ಪರದೆಯ ಮೇಲೆ ಬರುವ ಕಿಟಕಿಯಲ್ಲಿ 'ಇ-ಫೇಲ್', ಪಕ್ಕದಲ್ಲಿ 80004005 ಅಂತ ಒಂದು ನಂಬರ್ ಇರುತ್ತದೆ. ಜನ ಆ ನಂಬರನ್ನೇ ಗೂಗಲ್‌ನಲ್ಲಿ ಹುಡುಕುತ್ತಾರೆ. ಅದರ ಅರ್ಥ 'ಏನೋ ಆಗಲಿಲ್ಲ' ಅಂತ, ಅಷ್ಟೇ. ನೂರು ಬೇರೆ ಬೇರೆ ಕಾರಣಕ್ಕೂ ಅದೇ ನಂಬರ್ ಬರುತ್ತದೆ.

ನಿಜವಾದ ಕಾರಣ ಲಾಗ್‌ನಲ್ಲಿದೆ, ಅಂದರೆ ಮಷೀನ್ ನಡೆಯುವಾಗ ಆದದ್ದನ್ನು ವರ್ಚುವಲ್‌ಬಾಕ್ಸ್ ಬರೆದಿಡುವ ಫೈಲಿನಲ್ಲಿ. ಮಷೀನಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಶೋ ಲಾಗ್' ಕೊಡಿ. ಒಂದು ಎಚ್ಚರಿಕೆ: ಸುಮ್ನೆ ಮತ್ತೆ ಮತ್ತೆ ಸ್ಟಾರ್ಟ್ ಒತ್ತಬೇಡಿ. ಪ್ರತಿ ಸಲವೂ ಹೊಸ ಲಾಗ್ ಶುರುವಾಗುತ್ತದೆ, ಹಿಂದಿನವು 1, 2, 3 ಎಂದು ಹಿಂದೆ ಸರಿಯುತ್ತವೆ. ಸಾಮಾನ್ಯವಾಗಿ ಉಳಿಯುವುದು ಹಳೆಯ ಮೂರೇ. ಅಪ್‌ಗ್ರೇಡ್‌ಗೆ ಮೊದಲು ಚೆನ್ನಾಗಿ ನಡೆದ ದಿನದ ಲಾಗ್ ಇದ್ದರೆ ಅದು ಚಿನ್ನ. ಅದನ್ನೂ ಇವತ್ತಿನದನ್ನೂ ಪಕ್ಕಪಕ್ಕ ಇಟ್ಟರೆ ಏನು ಬದಲಾಗಿದೆ ಅಂತ ಕಣ್ಣಿಗೇ ಕಾಣುತ್ತದೆ.

ಲಾಗ್‌ನ ಕೊನೆಯ ಸಾಲುಗಳಿಂದ ಶುರು ಮಾಡಬೇಡಿ. ಮಷೀನ್ ಬಿದ್ದ ಮೇಲೆ ಸುರಿದ ಅಂಕಿಗಳ ರಾಶಿ ಅಲ್ಲಿರಬಹುದು, ಅದು ನಮಗೆ ಬೇಡ. ಹುಡುಕುವ ಡಬ್ಬಿಯಲ್ಲಿ 'ಪವರ್ ಅಪ್ ಫೇಲ್ಡ್' (Power up failed) ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಅದೇ ಸಾಲಿನಲ್ಲಿ 'ವೆರ್' (VERR) ಎಂದು ಶುರುವಾಗುವ ಹೆಸರು ಇರುತ್ತದೆ. ನಿಮ್ಮ ಹುಡುಕಾಟಕ್ಕೆ ಬೇಕಾದದ್ದು ಆ ಹೆಸರು. ಬೇರೆ ಕಡೆಯೂ 'ವೆರ್' ಸಾಲುಗಳು ಕಾಣಬಹುದು. ಅವೆಲ್ಲ ತೊಂದರೆಯ ಸಾಲುಗಳಲ್ಲ, ಗಾಬರಿ ಬೇಡ. ಸ್ವಲ್ಪ ಹೊತ್ತು ನಡೆದು 'ಗುರು ಮೆಡಿಟೇಷನ್' (Guru Meditation) ಅಂತ ಬಿದ್ದಿದ್ದರೆ ಆ ಪದವನ್ನೇ ಹುಡುಕಿ, ಅದರ ಪಕ್ಕದ 'ವೆರ್' ನೋಡಿ.

ವಿಂಡೋಸ್ 11ಕ್ಕೆ ಬಂದವರು ಇನ್ನೊಂದು ಸಾಲನ್ನೂ ಹುಡುಕಬೇಕು: 'ಸ್ನೇಲ್ ಎಕ್ಸಿಕ್ಯೂಷನ್ ಮೋಡ್' (Snail execution mode). ಆ ಸಾಲು ಇದ್ದರೆ ವಿಂಡೋಸ್‌ನದೇ ವರ್ಚುವಲ್ ಮಷೀನ್ ವ್ಯವಸ್ಥೆಯಾದ ಹೈಪರ್-ವಿ ಪ್ರೊಸೆಸರಿನ ವರ್ಚುವಲೈಜೇಷನ್ ಸೌಲಭ್ಯವನ್ನು ತಾನು ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ಹಾದು ಬರುತ್ತಿದೆ ಎಂದರ್ಥ. ಮಷೀನ್ ಹೇಗೋ ಎದ್ದರೆ ಕಿಟಕಿಯ ಕೆಳಗಡೆ ಬಲಕ್ಕೆ ಹಸಿರು ಆಮೆ ಕಾಣುತ್ತದೆ. 'ವೆರ್' ಹೆಸರಿನಲ್ಲಿ 'ನೆಮ್' (NEM) ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೂ ಇದೇ ಜಾಗದ ತೊಂದರೆ.

ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ, ಸಿಪಿಯು ಕೆಳಗೆ 'ವರ್ಚುವಲೈಜೇಷನ್: ಎನೇಬಲ್ಡ್' ಇದೆಯೇ ನೋಡಿ. ಇಲ್ಲದಿದ್ದರೆ ಬಯಾಸ್‌ಗೆ (ವಿಂಡೋಸ್ ಏಳುವ ಮೊದಲು ಸಿಗುವ ಕಂಪ್ಯೂಟರಿನ ಸೆಟ್ಟಿಂಗ್ಸ್) ಹೋಗಿ ಆನ್ ಮಾಡಿ. ಇಂಟೆಲ್‌ನಲ್ಲಿ ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ. ಇದ್ದರೆ, 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ತೆರೆದು ಹೈಪರ್-ವಿ, ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್, ಈ ಮೂರರ ಟಿಕ್ ತೆಗೆಯಿರಿ. ವಿಂಡೋಸ್ ಒಳಗೆ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ 2, ಡಾಕರ್ ಬಳಸುವವರು ತಡೆಯಿರಿ, ಅವು ನಿಂತುಹೋಗುತ್ತವೆ. ಆಮೇಲೆ ವಿಂಡೋಸ್ ಸೆಕ್ಯುರಿಟಿಯ 'ಡಿವೈಸ್ ಸೆಕ್ಯುರಿಟಿ'ಯಲ್ಲಿ 'ಕೋರ್ ಐಸೊಲೇಷನ್' ಒಳಗಿನ 'ಮೆಮೊರಿ ಇಂಟೆಗ್ರಿಟಿ' ಆಫ್ ಮಾಡಿ.

ಈಗ ರೀಸ್ಟಾರ್ಟ್ ಕೊಡಿ. ಶಟ್ ಡೌನ್ ಮಾಡಿ ಆನ್ ಮಾಡಿದರೆ ಸಾಲದು, ಯಾಕೆಂದರೆ 'ಫಾಸ್ಟ್ ಸ್ಟಾರ್ಟಪ್' ಇರುವ ಕಂಪ್ಯೂಟರ್ ಪೂರ್ತಿ ಮಲಗುವುದೇ ಇಲ್ಲ. ಎದ್ದ ಮೇಲೆ 'ಸಿಸ್ಟಂ ಇನ್ಫರ್ಮೇಷನ್' ತೆರೆದು 'ವರ್ಚುವಲೈಜೇಷನ್-ಬೇಸ್ಡ್ ಸೆಕ್ಯುರಿಟಿ' ಸಾಲು ನೋಡಿ. ಅಲ್ಲಿ 'ರನ್ನಿಂಗ್' ಎಂದೇ ಇದ್ದರೆ ಹೈಪರ್-ವಿ ಇನ್ನೂ ಬಿಟ್ಟಿಲ್ಲ.

ಮೆಮೊರಿ ಇಂಟೆಗ್ರಿಟಿ ಸುಮ್ಮನೆ ಇಟ್ಟದ್ದಲ್ಲ. ಕೆಟ್ಟ ಡ್ರೈವರ್‌ಗಳು ವಿಂಡೋಸ್‌ನ ಒಡಲಿಗೆ ನುಗ್ಗದಂತೆ ಅದು ತಡೆಯುತ್ತದೆ. ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿನಲ್ಲಿ ಅದನ್ನು ಆಫ್ ಮಾಡಬೇಡಿ. ಎಕ್ಸ್‌ಪಿಗೆ ಬೇರೆ ಹಳೆಯ ಕಂಪ್ಯೂಟರ್ ಇಟ್ಟುಕೊಳ್ಳಿ.

'ಒಂದೇ ಕ್ಲಿಕ್‌ನಲ್ಲಿ ರಿಪೇರಿ' ಎನ್ನುವ ಸಾಫ್ಟ್‌ವೇರ್, ಡ್ರೈವರ್ ಅಪ್‌ಡೇಟರ್‌ಗಳನ್ನು ಹತ್ತಿರ ಸೇರಿಸಬೇಡಿ. ಅವು ಈ ಲಾಗ್ ಓದುವುದಿಲ್ಲ. ಏನು ಬದಲಾಯಿಸಿದವು ಅಂತಲೂ ನಿಮಗೆ ತಿಳಿಯುವುದಿಲ್ಲ.

ಎಕ್ಸ್‌ಪಿಯೇ ನೀಲಿ ಪರದೆ ತೋರಿಸಿದರೆ

ಲೋಗೊ ಕಂಡು ನೀಲಿ ಪರದೆ ಬಂದರೆ ವರ್ಚುವಲ್‌ಬಾಕ್ಸ್ ತನ್ನ ಕೆಲಸ ಮಾಡಿದೆ. ಕೋಡ್‌ನ ಕೊನೆಗೆ 7ಬಿ ಇದ್ದರೆ ಯಾರೋ ಸ್ಟೋರೇಜ್‌ನಲ್ಲಿ ಡಿಸ್ಕ್ ಜೋಡಿಸುವ ಬಗೆಯನ್ನು ಹಳೆಯ ಐಡಿಇಯಿಂದ ಹೊಸ ಸಾಟಾ ಮಾಡಿರಬಹುದು. ಎಕ್ಸ್‌ಪಿಯಲ್ಲಿ ಸಾಟಾದ ಡ್ರೈವರ್ ಇಲ್ಲ, ವಾಪಸ್ ಐಡಿಇ ಮಾಡಿ. ಸಿಸ್ಟಂ ಸೆಟ್ಟಿಂಗ್‌ನ 'ಐ/ಒ ಎಪಿಕ್' ಟಿಕ್ ಕೂಡ ಮೊದಲು ಹೇಗಿತ್ತೋ ಹಾಗೇ ಇರಲಿ. ಹೇಗಿತ್ತು ಅಂತ ಮರೆತಿದ್ದರೆ ಆ ಹಳೆಯ ಲಾಗ್‌ನಲ್ಲಿದೆ. ಪರದೆ ಬರೀ ಕಪ್ಪಾದರೆ ಡಿಸ್‌ಪ್ಲೇಯಲ್ಲಿ 3ಡಿ ಆಕ್ಸೆಲರೇಷನ್ ತೆಗೆಯಿರಿ. ಪೇಜ್‌ಮೇಕರ್‌ಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಹೊರಗೆ ಉಬುಂಟು ಇರುವವರಿಗೆ ಒಂದು ಮಾತು. ಲಿನಕ್ಸ್ ಕರ್ನಲ್ (ಅದರ ತಿರುಳು) 6.12ರಿಂದ, ಲಿನಕ್ಸ್‌ನದೇ ವರ್ಚುವಲ್ ಮಷೀನ್ ವ್ಯವಸ್ಥೆಯಾದ ಕೆವಿಎಂ ಲೋಡ್ ಆದ ಕೂಡಲೇ ವರ್ಚುವಲೈಜೇಷನ್ ಹಿಡಿದುಕೊಳ್ಳುತ್ತದೆ. ಉಬುಂಟು 24.04 ಇದ್ದವರಿಗೂ ಮಾಮೂಲಿ ಅಪ್‌ಡೇಟ್‌ನಲ್ಲೇ ಕರ್ನಲ್ 6.14 ಬಂದಿರಬಹುದು. ಲಾಗ್‌ನಲ್ಲಿ 'ವಿಎಂಎಕ್ಸ್ ರೂಟ್ ಮೋಡ್' (VMX root mode) ಕಂಡರೆ ಕೆವಿಎಂ ಮಾಡ್ಯೂಲ್ ಇಳಿಸಿ ಪ್ರಯತ್ನಿಸಿ.

ಎಕ್ಸ್‌ಪಿ ಎದ್ದಿತಾ? ಮೊದಲು ನೆಟ್‌ವರ್ಕ್ ಕತ್ತರಿಸಿ, ಅದಕ್ಕೆ 2014ರಿಂದ ಭದ್ರತಾ ಬೆಂಬಲವಿಲ್ಲ. ಪೆನ್‌ಡ್ರೈವ್‌ಗಾಗಿ ಎಕ್ಸ್‌ಟೆನ್ಷನ್ ಪ್ಯಾಕ್ (ವರ್ಚುವಲ್‌ಬಾಕ್ಸಿಗೆ ಬೇರೆಯಾಗಿ ಹಾಕುವ ಜೋಡಣೆ) ಹುಡುಕಬೇಡಿ. ಯುಎಸ್‌ಬಿ 2, 3ರ ಬೆಂಬಲ 7.0ರಿಂದ ಮೂಲ ವರ್ಚುವಲ್‌ಬಾಕ್ಸಿನಲ್ಲೇ ಇದೆ. ಆಮೇಲೆ ಒತ್ತಕ್ಷರ ಜಾಸ್ತಿ ಇರುವ ಒಂದು ಹಳೆಯ ಪುಟ ತೆರೆದು ಪ್ರಿಂಟ್ ತೆಗೆಯಿರಿ. ಹಾಳೆಯ ಮೇಲೆ ಅಕ್ಷರ ಸರಿ ಬಂದಿದ್ದರೂ ಮೊದಲು ಮಾಡಿಟ್ಟ ಕಾಪಿಯನ್ನು ಅಳಿಸಬೇಡಿ. ಸ್ನ್ಯಾಪ್‌ಶಾಟ್ ಇದೆಯಲ್ಲ ಅಂದುಕೊಳ್ಳಬೇಡಿ, ಅದೂ ಅದೇ ಡಿಸ್ಕಿನಲ್ಲಿರುತ್ತದೆ.