‘ಮಾಡೋಣ್ರಿ’ ಅಂದಾಗ ಏನು ಬರೆದುಕೊಳ್ಳೋದು? ಅಭ್ಯರ್ಥಿಗಳನ್ನು ಪ್ರಶ್ನೆ ಕೇಳಿದ ನನ್ನ ಅನುಭವ

2023ರ ವಿಧಾನಸಭೆ ಚುನಾವಣೆಯಲ್ಲಿ ಧಾರವಾಡದ ನಮ್ಮ ಬಡಾವಣೆಯ ಐದು ಜನ ಸೇರಿ ಒಂದು ಕೆಲಸ ಮಾಡಿದೆವು. ನಮ್ಮ ಕ್ಷೇತ್ರದ ಅಭ್ಯರ್ಥಿಗಳು ಊರಿನ ವಿಷಯಗಳ ಬಗ್ಗೆ ಏನಂತಾರೆ ಅಂತ ಅವರನ್ನೇ ಕೇಳಿ, ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ, ಮನೆಮನೆಗೆ ಹಂಚಿದೆವು. ಹೇಗೆ ಮಾಡಿದಿರಿ ಅಂತ ಆಮೇಲೆ ಸುಮಾರು ಜನ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮನೆಯಲ್ಲೇ ಕೂತು ಅಂಗಡಿಗಳ ಲೆಕ್ಕ ಬರೆಯುವವಳು. ಯಾವ ಪಕ್ಷದವಳೂ ಅಲ್ಲ. ಆದರೆ ನಮ್ಮ ಓಣಿಗೆ ಆಗ ಎಂಟು ದಿನಕ್ಕೊಮ್ಮೆ ನೀರು ಬರುತ್ತಿತ್ತು, ಅದೂ ರಾತ್ರಿ ಎರಡಕ್ಕೋ ಮೂರಕ್ಕೋ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ 8 ವಾರ್ಡ್‌ಗಳಲ್ಲಿ 24 ಗಂಟೆ ನೀರು 2008ರಲ್ಲೇ ಶುರುವಾಗಿತ್ತು. ಹದಿನೈದು ವರ್ಷ ಆದಮೇಲೂ ನಾವು ನಿದ್ದೆಗೆಟ್ಟು ನಳದ ಮುಂದೆ ಕೊಡ ಇಟ್ಟುಕೊಂಡು ಕೂರುತ್ತಿದ್ದೆವು. ಪ್ರತಿ ಚುನಾವಣೆಯಲ್ಲೂ ಎಲ್ಲರೂ ನೀರು ಕೊಡುತ್ತೇವೆ ಅಂದವರೇ. ಈ ಸಲ ಅದನ್ನು ಬರೆದಿಟ್ಟುಕೊಳ್ಳಬೇಕು ಅನ್ನಿಸಿತು.

ಮೊದಲು ಅವರ ಅಫಿಡವಿಟ್ ಓದಿದೆ. ನಾಮಪತ್ರದ ಜೊತೆ ಕೊಡುವ ನಮೂನೆ 26 ಅದು, ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಯಾರಿಗಾದರೂ ಸಿಗುತ್ತದೆ. ಆಸ್ತಿ, ಸಾಲ, ಕೇಸು, ಓದು ಎಲ್ಲಾ ಇದೆ. ಊರಿನ ಬಗ್ಗೆ ಒಂದಕ್ಷರ ಇಲ್ಲ. ಪ್ರಣಾಳಿಕೆಯೋ, 224 ಕ್ಷೇತ್ರಕ್ಕೂ ಸೇರಿಸಿ ಬರೆದದ್ದು. ಅಂದಮೇಲೆ ಬಾಯಿಬಿಟ್ಟು ಕೇಳದೆ ಬೇರೆ ದಾರಿ ಇರಲಿಲ್ಲ.

ಟೈಮ್ ಕಡಿಮೆ ಇತ್ತು. ನಾಮಪತ್ರ ವಾಪಸ್ ಪಡೆಯೋಕೆ ಕೊನೇ ದಿನ ಏಪ್ರಿಲ್ 24. ಮತದಾನ ಮೇ 10. ಬಹಿರಂಗ ಪ್ರಚಾರ ಮೇ 8ರ ಸಂಜೆಗೇ ಬಂದ್. ಕಣದಲ್ಲಿ ಯಾರಿದ್ದಾರೆ ಅಂತ ಪಕ್ಕಾ ಆದಮೇಲೆ ಸಿಕ್ಕಿದ್ದು ಎರಡೇ ವಾರ.

ಮೊದಲ ಮೂರು ದಿನ ಹಾಳಾದವು. ನಾವು ಕೇಳಿದ ಪ್ರಶ್ನೆಗಳೇ ಸರಿ ಇರಲಿಲ್ಲ. ‘24 ಗಂಟೆ ನೀರು ಕೊಡಿಸುತ್ತೀರಾ? ಮಹದಾಯಿ ಪರ ಇದ್ದೀರಾ?’ ಅಂತ ಕೇಳಿದರೆ ‘ಹೌದ್ರಿ, ಮಾಡೋಣ್ರಿ’ ಅಂದುಬಿಡುತ್ತಿದ್ದರು. ಲೆಕ್ಕದ ಪುಸ್ತಕದಲ್ಲಿ ಗೆರೆ ಹೊಡೆದು ಒಬ್ಬೊಬ್ಬರಿಗೆ ಒಂದು ಕಾಲಂ ಮಾಡಿದ್ದೆ. ಎಲ್ಲಾ ಕಾಲಂನಲ್ಲೂ ಮೇಲಿಂದ ಕೆಳಗೆ ಹೌದು, ಹೌದು, ಹೌದು. ನಮ್ಮತ್ತೆ ಅದನ್ನು ನೋಡಿ, ‘ನೀರ ಬೇಕೇನು ಅಂತ ಕೇಳಿದ್ರ ಬ್ಯಾಡ ಅಂತ ಯಾರ ಅಂತಾರವಾ?’ ಅಂದರು.

ಅವತ್ತು ರಾತ್ರಿಯೇ ಪ್ರಶ್ನೆಗಳನ್ನೆಲ್ಲ ಬದಲಾಯಿಸಿದೆವು. ಈ ಕೆಲಸದಲ್ಲಿ ನಾನು ಕಲಿತದ್ದು ಇದೊಂದೇ ಅಂದರೂ ನಡೆಯುತ್ತದೆ: ಯಾವ ಪ್ರಶ್ನೆಗೆ ಹೌದು ಅಂದರೆ ಯಾರಿಗಾದರೂ ಬೇಜಾರಾಗುತ್ತದೋ, ಅಂಥದ್ದನ್ನೇ ಕೇಳಬೇಕು.

ಚಿಗರಿ ಬಸ್ಸಿನ ವಿಷಯವನ್ನೇ ತಗೊಳ್ಳಿ. ಹುಬ್ಬಳ್ಳಿ-ಧಾರವಾಡದ ನಡುವೆ ರಸ್ತೆ ಮಧ್ಯೆ ಬಸ್ಸಿಗೇ ಅಂತ ಬೇರೆ ಲೇನ್ ಇದೆ. 2018ರ ಅಕ್ಟೋಬರ್‌ನಲ್ಲಿ ಅಲ್ಲಿ ಬಸ್ ಓಡಿಸೋಕೆ ಶುರು ಮಾಡಿದರು. ಪಕ್ಕದ ಲೇನಿನಲ್ಲಿ ಸಿಕ್ಕಿಕೊಂಡ ಕಾರಿನವರಿಗೆ, ಅಂಗಡಿಯವರಿಗೆ ಮಧ್ಯದ ದಾರಿ ಎಲ್ಲರಿಗೂ ಬಿಡಲಿ ಅಂತ ಆಸೆ. ದಿನಾ ಕಾಲೇಜಿಗೆ, ಕೆಲಸಕ್ಕೆ ಹೋಗೋ ಹುಡುಗ ಹುಡುಗಿಯರಿಗೆ ಅದು ಬಸ್ಸಿಗೇ ಇರಬೇಕು. ‘ಲೇನ್ ಬಿಡಬೇಕಾ, ಬಸ್ಸಿಗೇ ಇರಲಾ? ಎರಡರಲ್ಲಿ ಒಂದು ಹೇಳಿ’ ಅಂತ ಕೇಳಿದೆವು. ಒಬ್ಬರು ತಕ್ಷಣ ಏನೂ ಹೇಳಲಿಲ್ಲ. ಜೊತೆಯಲ್ಲಿದ್ದ ಹುಡುಗರು ‘ಎಲ್ಲಾ ಮಾಡಸ್ತಾರ ಬಿಡ್ರಿ’ ಅಂತ ಮುಂದೆ ಬಂದರೆ ಕೈ ಅಡ್ಡ ಹಿಡಿದು ಸುಮ್ಮನಾಗಿಸಿದರು. ಆಮೇಲೆ ‘ಬಸ್ಸಿಗೇ ಇರ್ಲಿರಿ. ಆದ್ರ ಟೋಲ್ ನಾಕಾದಾಗ ಮಳಿ ಬಂದ್ರ ನೀರ ನಿಲ್ತದಲ್ರಿ, ಅದು ಮೊದಲ ಸರಿ ಆಗಬೇಕು’ ಅಂದರು. ಅದನ್ನು ಹಾಗೇ ಬರೆದುಕೊಂಡೆ. ಇನ್ನೊಬ್ಬರು ‘ಎರಡೂ ಮಾಡೋಣ್ರಿ’ ಅಂದರು. ಅವರ ಕಾಲಂನಲ್ಲಿ ‘ಆಯ್ಕೆ ಹೇಳಲಿಲ್ಲ’ ಅಂತ ಬರೆದೆ.

ಇನ್ನೊಂದು ತೊಂದರೆ ಇತ್ತು. ನೀರು, ಗಟಾರ, ಕಸ ಅಂದ ಕೂಡಲೇ ‘ಅಕ್ಕಾರ, ಅದು ಪಾಲಿಕಿ ಕೆಲಸರಿ’ ಅಂತ ಜಾರಿಕೊಳ್ಳೋರು. ಇದಕ್ಕೆ ಓದಿಕೊಂಡು ಹೋಗಬೇಕು. ಹುಬ್ಬಳ್ಳಿ-ಧಾರವಾಡ ಪಾಲಿಕೆಯಲ್ಲಿ ಆಗ 82 ವಾರ್ಡ್‌ಗಳ ಸದಸ್ಯರ ಜೊತೆ ಇಲ್ಲಿನ ಶಾಸಕರು, ಸಂಸದರೂ ಸದಸ್ಯರೇ ಆಗಿದ್ದರು, ಮೇಯರ್ ಚುನಾವಣೆಯಲ್ಲಿ ಅವರಿಗೂ ಮತ ಇತ್ತು. ಅದನ್ನು ಹೇಳಿದಮೇಲೆ ಮಾತು ಮುಂದೆ ಹೋಗುತ್ತಿತ್ತು. ಜೊತೆಗೆ ಶಾಸಕರ ನಿಧಿ ಆಗ ವರ್ಷಕ್ಕೆ 2 ಕೋಟಿ ರೂಪಾಯಿ ಇತ್ತು. ‘ಮೊದಲ ವರ್ಷದ ದುಡ್ಡಲ್ಲಿ ನಮ್ಮ ಕಡೆ ಯಾವ ಒಂದು ಕೆಲಸ?’ ಅಂತ ಕೇಳಿದೆವು. ಅತಿ ಚೆನ್ನಾಗಿ ಉತ್ತರ ಕೊಟ್ಟವರು ಒಬ್ಬ ಪಕ್ಷೇತರರು. ಸ್ಕೂಟರ್ ಮೇಲೆ ಮನೆಗೇ ಬಂದು, ಒಂದು ತಾಸು ಕೂತು, ಯಾವ ಗಟಾರ ಎಲ್ಲಿ ಕಟ್ಟಿಕೊಳ್ಳುತ್ತೆ ಅಂತ ನನ್ನ ಪುಸ್ತಕದ ಹಿಂದೆ ಪೆನ್ಸಿಲ್‌ನಲ್ಲಿ ಚಿತ್ರ ಬರೆದು ತೋರಿಸಿದರು.

ಮಹದಾಯಿ ಪ್ರಶ್ನೆ ತಿದ್ದೋಕೆ ಜಾಸ್ತಿ ಹೊತ್ತು ಹಿಡಿಯಿತು. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟ 13.42 ಟಿಎಂಸಿಯಲ್ಲಿ ನಮ್ಮ ಕಡೆಗೆ ಕುಡಿಯೋ ನೀರು ತರುವ ಕಳಸಾ-ಬಂಡೂರಿ ಯೋಜನೆಗೆ 3.9 ಟಿಎಂಸಿ. 2020ರ ಫೆಬ್ರವರಿಯಲ್ಲಿ ಗೆಜೆಟ್ ಆಯಿತು, 2022ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ ಯೋಜನಾ ವರದಿ ಒಪ್ಪಿತು. ಉಳಿದದ್ದು ಅರಣ್ಯ, ವನ್ಯಜೀವಿ ಅನುಮತಿ. ಅದು ದೆಹಲಿಯಲ್ಲಿ ಆಗೋ ಕೆಲಸ. ಹಾಗಿದ್ದಮೇಲೆ ಶಾಸಕರನ್ನು ಏನು ಕೇಳೋದು? ‘ಈ ಅನುಮತಿಗಾಗಿ ಸದನದಲ್ಲಿ ನೀವು ಏನು ಮಾಡುತ್ತೀರಿ?’ ಅಂತ ಕೇಳಿದೆವು. ಹಿಂದೆ ಶಾಸಕರಾಗಿದ್ದವರ ವಿಷಯದಲ್ಲಿ ಇದನ್ನು ಪರೀಕ್ಷಿಸಲೂಬಹುದು. ಸದನದಲ್ಲಿ ಕೇಳಿದ ಚುಕ್ಕೆ ಗುರುತಿನ ಪ್ರಶ್ನೆ (ಬಾಯಲ್ಲಿ ಉತ್ತರ ಕೊಡೋದು), ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು (ಬರೆದು ಉತ್ತರ ಕೊಡೋದು) ವಿಧಾನಸಭೆ ವೆಬ್‌ಸೈಟಿನಲ್ಲಿ ಸಿಗುತ್ತವೆ. ಎರಡು ರಾತ್ರಿ ಕೂತು ಹುಡುಕಿದೆ. ಯಾರು ಕೇಳಿದ್ದಾರೆ, ಯಾರು ಕೇಳಿಲ್ಲ ಅಂತ ಗೊತ್ತಾಗುತ್ತದೆ.

ಬರೆದದ್ದನ್ನು ಅವರ ಎದುರಿಗೇ ಓದಿ ಹೇಳಿ, ‘ಸರಿ ಇದೆಯಾ?’ ಅಂತ ಕೇಳಿ, ಪಕ್ಕದಲ್ಲಿ ಸಹಿ ಹಾಕಿಸುತ್ತಿದ್ದೆ. ಇದನ್ನು ಮಾತ್ರ ಬಿಡಬೇಡಿ. ಒಬ್ಬರು ಧಾರವಾಡಕ್ಕೆ ಬೇರೆ ಪಾಲಿಕೆ ಆಗಲೇಬೇಕು ಅಂತ ನಮ್ಮ ಹತ್ತಿರ ಹೇಳಿದ್ದರು. ನಾಲ್ಕು ದಿನ ಬಿಟ್ಟು ಹುಬ್ಬಳ್ಳಿ ಕಡೆ ಒಂದು ಸಭೆಯಲ್ಲಿ ಒಟ್ಟಿಗೇ ಇದ್ದರೆ ಒಳ್ಳೇದು ಅಂದರು. ನಮ್ಮವನೊಬ್ಬ ಅಲ್ಲೇ ಇದ್ದ. ನಾವು ಎರಡನ್ನೂ ತಾರೀಕು, ಜಾಗದ ಸಮೇತ ಹಾಳೆಯಲ್ಲಿ ಹಾಕಿದೆವು. ಅವರ ಕಡೆಯವರು ಮನೆ ಮುಂದೆ ಬಂದು ‘ನೀವು ಯಾವ ಪಾರ್ಟಿಯವರ್ರಿ?’ ಅಂತ ಜೋರು ಮಾಡಿದರು. ನನಗೆ ಕೈ ನಡುಗುತ್ತಿತ್ತು. ಪುಸ್ತಕ ತಂದು ಸಹಿ ತೋರಿಸಿದೆ. ಹೋದರು.

ಸಿಗದೇ ಇದ್ದವರ ಕಾಲಂ ಖಾಲಿ ಬಿಟ್ಟು, ಎಷ್ಟು ಸಲ, ಯಾವ ದಿನ ಹೋಗಿದ್ದೆವು ಅಂತಷ್ಟೇ ಬರೆದೆವು. ಹೆಸರುಗಳು ಮತಯಂತ್ರದಲ್ಲಿ ಇರೋ ಕ್ರಮದಲ್ಲೇ. ಇವರನ್ನು ಯಾಕೆ ಮೇಲೆ ಹಾಕಿದಿರಿ ಅಂತ ಯಾರೂ ಕೇಳೋ ಹಾಗಿಲ್ಲ.

ಅಚ್ಚು ಹಾಕಿಸೋಕೆ ಹೋದಾಗ ಪ್ರೆಸ್ಸಿನವರು ತಡೆದರು, ಅದು ಒಳ್ಳೇದೇ ಆಯಿತು. ಜನಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಚುನಾವಣೆಯ ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕರು ಘೋಷಣೆ ಬರೆದುಕೊಡಬೇಕು, ಅವರನ್ನು ಬಲ್ಲ ಇಬ್ಬರು ಅದಕ್ಕೆ ಸಹಿ ಹಾಕಬೇಕು. ಝೆರಾಕ್ಸ್ ಮಾಡಿದರೂ ಅಷ್ಟೇ, ಕೈಯಿಂದ ನಕಲು ಮಾಡಿದರೆ ಮಾತ್ರ ಬೇಕಾಗಿಲ್ಲ. ನಮ್ಮದು ಯಾರ ಪರವೂ ಅಲ್ಲ, ವಿರೋಧವೂ ಅಲ್ಲ. ಆದರೂ ಎಲ್ಲಾ ಪದ್ಧತಿ ಪ್ರಕಾರವೇ ಮಾಡಿದೆವು. ಪ್ರಕಾಶಕರು ಅಂತ ನನ್ನದೇ ಹೆಸರು ಹಾಕಿಸಿದೆ.

2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡೋಕೆ ಸಂಪುಟ ಒಪ್ಪಿತು ಅಂತ ಸುದ್ದಿ ಬಂದ ದಿನ ಪಕ್ಕದ ಮನೆಯವರು ಆ ಹಳೇ ಹಾಳೆ ಹಿಡಿದುಕೊಂಡು ಬಂದರು. ಮಡಿಕೆ ಬಿದ್ದ ಕಡೆ ಹರಿದಿತ್ತು. ಯಾರು ಏನಂದಿದ್ದರು ಅಂತ ಇಬ್ಬರೂ ಕೂತು ಮತ್ತೆ ಓದಿದೆವು.

ನನ್ನ ತಂಗಿಯನ್ನು ಕೊಟ್ಟಿದ್ದು ಹಾವೇರಿ ಜಿಲ್ಲೆಗೆ. 2024ರ ನವೆಂಬರ್ 13ಕ್ಕೆ ಶಿಗ್ಗಾವಿ ಉಪಚುನಾವಣೆ ಬಂದಾಗ ಅವಳು ನನ್ನ ಹಾಳೆ ತರಿಸಿಕೊಂಡು, ಗೆರೆ ಮಾತ್ರ ಉಳಿಸಿಕೊಂಡು, ಪ್ರಶ್ನೆಗಳನ್ನೆಲ್ಲ ಹೊಡೆದುಹಾಕಿದಳು. ಚಿಗರಿ ಬಸ್ಸು ಅಲ್ಲಿ ಯಾರಿಗೆ ಬೇಕು, ಅಲ್ವಾ? ಅವಳ ಮೊದಲ ಪ್ರಶ್ನೆ ಹೀಗಿತ್ತು: ‘ಗೋವಿನಜೋಳ ಖರೀದಿ ಕೇಂದ್ರ ಯಾವ ಊರಲ್ಲಿ, ಯಾವ ತಿಂಗಳು ತೆರೆಸುತ್ತೀರಿ? ನಾವು ಮಾರಿದಮೇಲೋ, ಮಾರೋಕೆ ಮುಂಚೆಯೋ?’