ಎಂಟೇ ಗಾಡಿ, ಜೋಡಿ ಲೆಕ್ಕ: ಬಂದಡ್ಕದ ಗುಡ್ಡೆಯಲ್ಲಿ ನನ್ನ ಅನುಭವ

ಕಾಸರಗೋಡಿನ ಬಂದಡ್ಕದ ಗುಡ್ಡೆಗೆ ಜನ ತಮ್ಮ ತಮ್ಮ ಫೋರ್‌ವೀಲ್ ಗಾಡಿ ತಂದು ಹತ್ತುವ ಆಫ್‌ರೋಡ್ ಟ್ರಿಪ್ ನಡೆಸುವವನು ನಾನು. ಕಳೆದ ಎರಡು ಸೀಸನ್‌ನಲ್ಲಿ ಹನ್ನೊಂದು ಟ್ರಿಪ್ ಮಾಡಿದ್ದೇನೆ. ಹನ್ನೊಂದರಲ್ಲೂ ಕತ್ತಲಾಗುವ ಮೊದಲು ಎಲ್ಲ ಗಾಡಿಗಳು ಟಾರು ರಸ್ತೆಗೆ ಇಳಿದಿವೆ. ಒಮ್ಮೆಯೂ ಜೆಸಿಬಿ ಕರೆಸಿಲ್ಲ. ಈ ಕಡೆ ಆಫ್‌ರೋಡ್ ಟ್ರಿಪ್ ನಡೆಸುವವರಿಗೆ ಇದು ಎಷ್ಟು ದೊಡ್ಡ ಮಾತು ಎಂದು ಗೊತ್ತಿರುತ್ತದೆ. "ಜಿಪ್ಸಿ, ಜಿಮ್ನಿ, ಥಾರ್, ಗೂರ್ಖಾ, ಹೀಗೆ ಬೇರೆ ಬೇರೆ ಗಾಡಿ ಎಲ್ಲ ಒಟ್ಟು ಹಾಕಿದರೆ ಯಾವುದೂ ಮುಂದೆ ಹೋಗುವುದಿಲ್ಲ ಮಾರಾಯ, ಎಂಟೇ ಗಾಡಿ ಅಂದರೆ ನಿನಗೆ ಚಾಯದ ದುಡ್ಡೂ ಹುಟ್ಟುವುದಿಲ್ಲ" ಎಂದು ಎಷ್ಟೋ ಜನ ಹೇಳಿದ್ದರು. ಅವರಲ್ಲಿ ಇಬ್ಬರು ಹೋದ ತಿಂಗಳು ಫೋನ್ ಮಾಡಿ, ನಿನ್ನ ಲೆಕ್ಕ ಎಂತ ಅಂತ ಹೇಳು ಎಂದರು. ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಲೋ ರೇಂಜ್ (ನಿಧಾನಕ್ಕೆ ಓಡಿ ಜೋರಾಗಿ ಎಳೆಯುವ ಗೇರು) ಯಾವಾಗ, ಹಗ್ಗ ಎಲ್ಲಿ ಕಟ್ಟಬೇಕು, ಇದೆಲ್ಲ ಟ್ರಿಪ್ ನಡೆಸುವವರಿಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ನನ್ನ ಮೊದಲ ದೊಡ್ಡ ಟ್ರಿಪ್ 2021ರ ಡಿಸೆಂಬರಿನಲ್ಲಿ. ಒಟ್ಟು 19 ಗಾಡಿ. ತಲಾ 2500 ರೂಪಾಯಿ ತೆಗೆದುಕೊಂಡಿದ್ದೆ, ಅಂದರೆ 47,500. ಬಂದವರನ್ನೆಲ್ಲ ಸೇರಿಸಿದ್ದೆ, ಯಾರ ಹತ್ತಿರ ಯಾವ ಗಾಡಿ ಎಂದು ಕೇಳಲೇ ಇಲ್ಲ. ಬೆಳಿಗ್ಗೆ ಮುಳ್ಳೇರಿಯ ಪೇಟೆಯಲ್ಲಿ ಸಾಲಾಗಿ ನಿಂತಾಗ ನೋಡಲು ಬಹಳ ಚಂದ ಇತ್ತು. ಚಂದ ಮೊದಲ ತೋಡಿನವರೆಗೆ, ಅಂದರೆ ಹಳ್ಳದವರೆಗೆ ಮಾತ್ರ. ಅಲ್ಲಿ ಒಂದೊಂದು ಗಾಡಿ ದಾಟಲು ಸರಾಸರಿ ಆರು ನಿಮಿಷ ಹಿಡಿಯಿತು. ಹತ್ತೊಂಬತ್ತಾರಲಿ ಎಷ್ಟು? ಹತ್ತಿರ ಹತ್ತಿರ ಎರಡು ಗಂಟೆ. ಅಂಥ ಜಾಗಗಳು ದಾರಿಯಲ್ಲಿ ನಾಲ್ಕು. ಮೊದಲು ದಾಟಿದವರು ಆಚೆ ದಡದಲ್ಲಿ ಬಿಸಿಲಿಗೆ ನಿಂತು ಬೇಸತ್ತು, ನಮಗೆ ದಾರಿ ಗೊತ್ತು ಎಂದು ಮುಂದೆ ಹೋದರು. ಅವರಿಗೆ ದಾರಿ ಗೊತ್ತಿರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಮಧ್ಯಾಹ್ನದ ಊಟ ಆದದ್ದು ನಾಲ್ಕೂಕಾಲಕ್ಕೆ. ಮೂರು ಗಾಡಿ ಇಳಿಯುವಾಗ ರಾತ್ರಿ ಒಂಬತ್ತು ದಾಟಿತ್ತು, ಅದರಲ್ಲಿ ಒಂದರಲ್ಲಿ ಸಣ್ಣ ಮಗು ಇತ್ತು. ಆ ತಾಯಿಯ ಮುಖ ನನಗೆ ಈಗಲೂ ನೆನಪಿದೆ. ಖರ್ಚು ಸುಮಾರು 61,000. ಕೈಯಿಂದ ಹದಿಮೂರು, ಹದಿನಾಲ್ಕು ಸಾವಿರ ಹೋಯಿತು.

ಎರಡನೆಯ ಸಲ ಬೇರೆ ತಪ್ಪು ಮಾಡಿದೆ. ಗಾಡಿಗಳ ಜಾತಿ ಬೇರೆ ಬೇರೆ ಆದದ್ದೇ ತೊಂದರೆ, ಒಂದೇ ತರದ್ದು ಇರಲಿ ಎಂದು ಎಲ್ಲರೂ ಹೇಳಿದರು. ನನಗೂ ಹೌದು ಅನ್ನಿಸಿತು. ಬರೇ ಥಾರ್, ಹನ್ನೆರಡು. ಮಳೆ ನಿಂತು ವಾರವೂ ಆಗಿರಲಿಲ್ಲ. ರಬ್ಬರ್ ತೋಟದ ಮೇಲಿನ ಆ ಕೆಂಪು ಮಣ್ಣಿನ ಏರಿನಲ್ಲಿ ಮೊದಲ ನಾಲ್ಕು ಆರಾಮಾಗಿ ಹತ್ತಿದವು. ಆದರೆ ಎಲ್ಲದರ ಅಗಲ ಒಂದೇ, ತೂಕ ಒಂದೇ, ಚಕ್ರ ಬೀಳುವ ಜಾಗವೂ ಒಂದೇ ಅಲ್ವಾ? ಪ್ರತಿ ಗಾಡಿಯೂ ಅದೇ ಗಾಲಿ ಗುಂಡಿಯನ್ನು ಇನ್ನೆರಡು ಇಂಚು ತೋಡಿ ಹೋಯಿತು. ಏಳನೆಯದರ ಹೊಟ್ಟೆ ನೆಲಕ್ಕೆ ಕೂತಿತು. ಎಂಟನೆಯದು ಅದನ್ನು ಎಳೆಯಲು ಹೋಗಿ ಅದೂ ಕೂತಿತು. ಗಾಡಿ ಒಳ್ಳೆಯದೇ, ಅದರಲ್ಲಿ ದೋಷ ಇಲ್ಲ. ಹನ್ನೆರಡು ಒಂದೇ ತರದ ಗಾಡಿಯನ್ನು ಒಂದೇ ಗೆರೆಯಲ್ಲಿ ಓಡಿಸಿದ್ದು ನನ್ನ ತಪ್ಪು. ತೋಟದವರು ದಾರಿ ಸರಿ ಮಾಡಿಸಿಕೊಡಿ ಎಂದರು, ಜಲ್ಲಿ ಮತ್ತು ಆಳಿನ ಕೂಲಿ ಸೇರಿ ಹನ್ನೊಂದು ಸಾವಿರ ಆಗಿರಬೇಕು. ಮುಂದಿನ ವರ್ಷ ಆ ತೋಟಕ್ಕೆ ಬರಬೇಡಿ ಎಂದೂ ಹೇಳಿದರು. ದುಡ್ಡಿಗಿಂತ ಆ ಮಾತು ಜಾಸ್ತಿ ನೋವು ಕೊಟ್ಟಿತು.

ಮೂರನೆಯದು ಎಲ್ಲಕ್ಕಿಂತ ದುಬಾರಿ ಪಾಠ. ಎರಡು ಟನ್ ದಾಟುವ ಒಂದು ದೊಡ್ಡ ಗಾಡಿ, ಉಳಿದವೆಲ್ಲ ಸಣ್ಣವು. ಹಿಂದಿನ ದಿನ ಕಂಗಿನ (ಅಡಿಕೆಯ) ತೋಟಕ್ಕೆ ನೀರು ಬಿಟ್ಟಿದ್ದರು, ಆ ಕೆಸರಿನಲ್ಲಿ ದೊಡ್ಡದು ಕೂತಿತು. ಒಂದು ಟನ್ನಿನ ಜಿಪ್ಸಿ ಅದನ್ನು ಏನು ಎಳೆಯುತ್ತದೆ? ಎರಡು ಜಿಪ್ಸಿಯನ್ನು ಒಂದರ ಹಿಂದೆ ಒಂದು ಕಟ್ಟಿ ನೋಡಿದೆವು, ಎರಡೂ ನಿಂತಲ್ಲೇ ಚಕ್ರ ತಿರುಗಿಸಿದವು. ಕೊನೆಗೆ ಕೆಂಪುಕಲ್ಲಿನ ಕೋರೆಯಿಂದ ಜೆಸಿಬಿ ಬಂತು. ಐದು ಗಂಟೆ, ಹೋಗಿ ಬರುವ ಬಾಡಿಗೆ, ಒಡೆದ ನೀರಿನ ಪೈಪು, ಮುರಿದ ಎರಡು ಅಡಿಕೆ ಮರ. ಹದಿನೈದು ಸಾವಿರದ ಮೇಲೆ ಹೋಯಿತು. ಹೆಂಡತಿ ಆ ದಿನ ರಾತ್ರಿ, ಇದನ್ನು ಇಲ್ಲಿಗೆ ನಿಲ್ಲಿಸುವ ಎಂದಳು. ನಾನು ಇನ್ನೊಂದೇ ಸೀಸನ್ ಎಂದೆ.

ಆ ಮಳೆಗಾಲ ಪೂರ್ತಿ ಒಂದು ನೋಟ್‌ಬುಕ್ಕಿನಲ್ಲಿ ಗೀಚಿದೆ. ಯಾವ ಗಾಡಿ, ಎಷ್ಟು ಅಗಲ, ಎಷ್ಟು ತೂಕ, ಎಲ್ಲಿ ಕೂತಿತು, ಯಾವುದು ಎಳೆಯಿತು. ಅಲ್ಲಿಂದ ಹುಟ್ಟಿದ್ದೇ ಜೋಡಿ ಲೆಕ್ಕ. ಗುಂಪಿನಲ್ಲಿ ಒಂಟಿ ಗಾಡಿ ಇರಬಾರದು. ಪ್ರತಿ ಗಾಡಿಗೂ ಹತ್ತಿರ ಹತ್ತಿರ ಅದೇ ತೂಕದ ಇನ್ನೊಂದು ಗಾಡಿ ಗುಂಪಿನಲ್ಲೇ ಇರಬೇಕು. ಎಳೆಯಲೂ ಆಗುತ್ತದೆ, ಒಂದೇ ಮಾಡೆಲ್ ಆದರೆ ಒಂದರ ಸ್ಟೆಪ್ನಿ ಇನ್ನೊಂದಕ್ಕೆ ಕೂರುತ್ತದೆ. ದೊಡ್ಡ ಗಾಡಿಯವರು ಒಬ್ಬರೇ ಬರುತ್ತೇನೆ ಎಂದರೆ ಈಗ ನಾನು ಬೇಡ ಎನ್ನುತ್ತೇನೆ. ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಬನ್ನಿ, ಇಲ್ಲದಿದ್ದರೆ ನಾನೇ ಹುಡುಕುವವರೆಗೆ ಕಾಯಿರಿ ಎನ್ನುತ್ತೇನೆ. ಇದಕ್ಕೆ ಇಬ್ಬರು ಬಹಳ ಕೋಪ ಮಾಡಿಕೊಂಡರು. ಹೋಗಲಿ.

ಹೀಗೆ ಮೂರು ಜೋಡಿ ಅತಿಥಿಗಳು, ಆರು ಗಾಡಿ. ಮುಂದೆ ಒಂದು ನಮ್ಮದು, ಹಿಂದೆ ಒಂದು ನಮ್ಮದು. ಒಟ್ಟು ಎಂಟು. ಅದೇ ತೋಡು ಈಗ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಹತ್ತು ಮಾಡಿ ನೋಡಿದ್ದೇನೆ, ಆಗುವುದಿಲ್ಲ. ಎಂಟು ಗಾಡಿ ಇದ್ದರೆ ಮುಂದಿನವನು ಒಂದು ತಿರುವಿನಲ್ಲಿ ನಿಂತು ಕೂಗಿದರೆ ಹಿಂದಿನವನಿಗೆ ಕೇಳುತ್ತದೆ. ಹತ್ತಾದರೆ ನಡುವಿನವರು ಕಳೆದುಹೋಗುತ್ತಾರೆ. ಆರು ಮಾಡಿದರೆ ದುಡ್ಡು ಸಾಲದು.

ಇನ್ನು ಹತ್ತುವ ಕ್ರಮ. ಜಿಪ್ಸಿಯ ಅಗಲ 1540 ಮಿ.ಮೀ., ಜಿಮ್ನಿ 1645, ಥಾರ್ 1820. ಅಗಲದ ಗಾಡಿ ಮುಂದೆ ಹೋಗಿ ಮೆದು ಮಣ್ಣಿನಲ್ಲಿ ಗುಂಡಿ ತೋಡಿದರೆ, ಹಿಂದೆ ಬರುವ ಜಿಪ್ಸಿಯ ಒಂದು ಬದಿ ಗುಂಡಿಗೆ ಬಿದ್ದು ಇನ್ನೊಂದು ಬದಿ ಮೇಲೆ ನಿಲ್ಲುತ್ತದೆ. ಗಾಡಿ ವಾಲಿದಾಗ ಒಳಗೆ ಕೂತವರಿಗೆ ಜೀವ ಬಾಯಿಗೆ ಬರುತ್ತದೆ. ಅದಕ್ಕೇ ನನ್ನಲ್ಲಿ ಹಗುರದ, ಸಪೂರದ ಗಾಡಿ ಮೊದಲು. ಅವು ನೆಲ ಕೆಡಿಸುವುದು ಕಡಿಮೆ. ನಂತರ ಬರುವ ಥಾರ್ ಅವುಗಳ ಗೆರೆಯ ಹೊರಬದಿಯನ್ನು ತುಳಿಯುತ್ತದೆ, ಗುಂಡಿ ಆಳವಾಗುವ ಬದಲು ಅಗಲವಾಗುತ್ತದೆ. ಭಾರದ ಜೋಡಿ ಕೊನೆಗೆ. ಬರೇ ಥಾರಿನಲ್ಲಿ ಸೋತ ಅದೇ ತರದ ಏರಿನಲ್ಲಿ ಕಲಸು ಗುಂಪು ಗೆದ್ದದ್ದು ಹೀಗೆ. ಬೇರೆ ಬೇರೆ ಜಾತಿಯ ಗಾಡಿ ಇರುವುದೇ ನನ್ನ ಬಲ. ಇದನ್ನು ಯಾರೂ ನಂಬಿರಲಿಲ್ಲ, ನಾನು ಕಣ್ಣಾರೆ ನೋಡಿದ್ದೇನೆ.

2023ರ ಜೂನಿನಲ್ಲಿ ಜಿಮ್ನಿ ಬಂದದ್ದು ನನಗೆ ದೊಡ್ಡ ಉಪಕಾರ ಆಯಿತು. ಅದಕ್ಕೆ ಮೊದಲು ಹಗುರದ ಜೋಡಿಗೆ ಹಳೆಯ ಜಿಪ್ಸಿಗಳನ್ನೇ ಹುಡುಕಬೇಕಿತ್ತು. ಒಂದು ಎಚ್ಚರ ಮಾತ್ರ ಹೇಳುತ್ತೇನೆ. ನಮ್ಮಲ್ಲಿ ಬಂದ ಐದು ಬಾಗಿಲಿನ ಜಿಮ್ನಿಯ ಮುಂದಿನ ಮತ್ತು ಹಿಂದಿನ ಚಕ್ರದ ನಡುವಿನ ದೂರ, ಅಂದರೆ ವೀಲ್‌ಬೇಸ್ 2590 ಮಿ.ಮೀ., ಮೂರು ಬಾಗಿಲಿನ ಥಾರಿನದ್ದು 2450. ಚೂಪು ದಿಬ್ಬದ ಮೇಲೆ ಜಿಮ್ನಿಯ ಹೊಟ್ಟೆ ಮೊದಲು ಮುಟ್ಟುತ್ತದೆ. ಅಂಥ ಒಂದು ದಿಬ್ಬ ನಮ್ಮ ದಾರಿಯಲ್ಲಿದೆ, ಅಲ್ಲಿ ಮಾತ್ರ ಕ್ರಮ ಬದಲಿಸುತ್ತೇನೆ. ಹೇಗೆ ಎಂದು ಇಲ್ಲಿ ಬರೆಯುವುದಿಲ್ಲ. ಮೂರು ಗಾಡಿಯ ಹೊಟ್ಟೆಯಡಿಯ ತಗಡು (ಸ್ಕಿಡ್ ಪ್ಲೇಟ್) ಬಲಿಕೊಟ್ಟು ಕಲಿತದ್ದು ಅದು, ಸ್ವಲ್ಪ ದಿನ ನನ್ನ ಹತ್ತಿರವೇ ಇರಲಿ.

ಮುಂದಿನ ಗಾಡಿಯ ವಿಷಯ. ಅಲ್ಲಿ ನನ್ನ ಜಿಪ್ಸಿ ಇರುತ್ತದೆ, ಆದರೆ ಹೊಸ ದಾರಿಯಾದರೆ ಅಲ್ಲಿಯದೇ ಬಾಡಿಗೆ ಜೀಪಿನವರನ್ನು ಕರೆಯುತ್ತೇನೆ. ದಿನಕ್ಕೆ ಎರಡೂವರೆ ಸಾವಿರ ಕೊಡುತ್ತೇನೆ, ಡೀಸೆಲ್ ಬೇರೆ. ಒಬ್ಬ ಅಣ್ಣ ಇದ್ದಾರೆ, ಇಪ್ಪತ್ತು ವರ್ಷದಿಂದ ಆ ಗುಡ್ಡೆಗೆ ರಬ್ಬರ್ ಶೀಟು, ಸಿಮೆಂಟು, ಹೆರಿಗೆಯ ಹೆಂಗಸರು ಎಲ್ಲ ಸಾಗಿಸಿದವರು. ಅವರ ಜೀಪಿನಲ್ಲಿ ಎರಡು ಬದಿಯ ಚಕ್ರವನ್ನೂ ಒಟ್ಟಿಗೆ ತಿರುಗಿಸುವ ಲಾಕರ್ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ. ಅವರ ಚಕ್ರ ಎಲ್ಲಿ ಬಿತ್ತೋ ಅಲ್ಲೇ ನಮ್ಮದೂ ಬೀಳಬೇಕು, ಅಷ್ಟೇ. ಮಂಗಳೂರಿನಿಂದ ಬಂದ ಹುಡುಗರು ಮೊದಲು ಅವರ ಜೀಪು ನೋಡಿ ನಕ್ಕಿದ್ದರು. ಸಂಜೆ ಅವರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

ಹಿಂದಿನ ಗಾಡಿಯಲ್ಲಿ ವಿಂಚ್, ಅಂದರೆ ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ, 9500 ಪೌಂಡಿನದು. ವಿಂಚ್ ಮುಂದೆ ಇರಬೇಕು ಎಂದು ವಾದಿಸುವವರಿದ್ದಾರೆ. ನನ್ನ ಅನುಭವದಲ್ಲಿ ಕೂರುವುದು ಹೆಚ್ಚಾಗಿ ನಾಲ್ಕನೆಯದರಿಂದ ಆಚೆಯ ಗಾಡಿ, ಮತ್ತು ಹಿಂದಕ್ಕೆ ಎಳೆಯುವುದು ಮುಂದಕ್ಕೆ ಎಳೆಯುವುದಕ್ಕಿಂತ ಸುಲಭ. ಬಂದ ದಾರಿ ಗೊತ್ತಿರುತ್ತದಲ್ಲ.

ನಡುವೆ ಬೇರೆ ಬೇರೆ ಪ್ರಯೋಗ ಮಾಡಿದ್ದೇನೆ. ಎರಡು ಬೈಕು ಸೇರಿಸಿದೆ. ನಡುವೆ ಬಿಟ್ಟರೆ ಧೂಳು ಕುಡಿಯುತ್ತಾರೆ, ಮುಂದೆ ಬಿಟ್ಟರೆ ಕೈಗೆ ಸಿಗುವುದಿಲ್ಲ. ಕೈಬಿಟ್ಟೆ. ನಾಲ್ಕೂ ಚಕ್ರ ಎಳೆಯುವ, ಆದರೆ ಲೋ ರೇಂಜ್ ಇಲ್ಲದ ಎಡಬ್ಲ್ಯುಡಿ ಗಾಡಿ ಒಂದನ್ನು ಒಣ ನೆಲದಲ್ಲಿ ಕರೆದುಕೊಂಡು ಹೋದೆ, ಎಲ್ಲರಿಗೂ ಆಶ್ಚರ್ಯ ಆಗುವಂತೆ ಹತ್ತಿತು. ಮಳೆ ಬಂದ ಮೇಲೆ ಹತ್ತಲಿಲ್ಲ. ಈಗ ಜನವರಿ ನಂತರ ಮಾತ್ರ ಸೇರಿಸುತ್ತೇನೆ, ಅದೂ ಜೋಡಿ ಇದ್ದರೆ. ಮಳೆಗಾಲದಲ್ಲಿ ಜೀಪಿನವರು ಹಿಂದಿನ ಚಕ್ರಕ್ಕೆ ಸರಪಳಿ ಸುತ್ತುತ್ತಾರಲ್ಲ, ಅದನ್ನೂ ಮಾಡಿ ನೋಡಿದೆ. ಹಿಡಿತ ಭರ್ಜರಿ. ಆದರೆ ದಾರಿಯನ್ನು ಉತ್ತ ಗದ್ದೆಯ ಹಾಗೆ ಮಾಡುತ್ತದೆ, ತೋಟದವರ ಮುಖ ನೋಡಲು ಆಗುವುದಿಲ್ಲ. ಬೇಡ.

ಟಯರಿನ ಗಾಳಿಯ ಬಗ್ಗೆ ಒಂದು ಮಾತು. ಎಲ್ಲರೂ 18 ಪಿಎಸ್‌ಐಗೆ ಇಳಿಸಿ ಎನ್ನುತ್ತಾರೆ. ಕೆಸರಿಗೆ ಸರಿ. ನಮ್ಮ ಪದವಿನ (ಗುಡ್ಡೆಯ ಮೇಲಿನ ಕಲ್ಲು ಬಯಲಿನ) ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ ಅಂಚಿಗೆ 18ರಲ್ಲಿ ಹೋದರೆ ಟಯರಿನ ಪಕ್ಕ ಸೀಳುತ್ತದೆ. ನನ್ನದೇ ಎರಡು ಹೋದವು, ಎರಡಕ್ಕೂ ಸೇರಿ ಹದಿನೇಳು ಸಾವಿರದಷ್ಟು. ಪದವಿನಲ್ಲಿ ಈಗ 24ರ ಕೆಳಗೆ ಇಳಿಸುವುದಿಲ್ಲ.

ಪದವು ಅಂದಾಗ ಇನ್ನೊಂದು. ಮಳೆ ಬಿಟ್ಟ ಮೇಲೆ ಅಲ್ಲಿ ಪಳ್ಳಗಳಲ್ಲಿ (ಹೊಂಡಗಳಲ್ಲಿ) ನೀರು ನಿಂತಿರುತ್ತದೆ, ಸುತ್ತ ಸಣ್ಣ ಹೂವು. ದನಗಳು ಅಲ್ಲೇ ನೀರು ಕುಡಿಯುವುದು. ವಿಡಿಯೋಗೆ ಚಂದ ಎಂದು ಪಳ್ಳಕ್ಕೆ ಗಾಡಿ ಇಳಿಸಿದವರನ್ನು ಅಲ್ಲಿಂದಲೇ ವಾಪಸ್ ಕಳಿಸಿದ್ದೇನೆ, ದುಡ್ಡು ಹಿಂದೆ ಕೊಟ್ಟು. ಕಾಡಿನ ಗಡಿ ದಾಟುವ ಮಾತೇ ಇಲ್ಲ, ನಮ್ಮದು ಪೂರ್ತಿ ಖಾಸಗಿ ತೋಟದ ದಾರಿ. ಯಾವ ತೋಟ ಎಂದು ಕೇಳಬೇಡಿ, ಅವರು ಹೆಸರು ಹಾಕಬೇಡಿ ಎಂದಿದ್ದಾರೆ. ರಾಣಿಪುರಂ ಬೆಟ್ಟ ನೋಡಬೇಕು ಎನ್ನುವವರಿಗೆ ಮರುದಿನ ಕೆಳಗೆ ಗಾಡಿ ಇಟ್ಟು, ಅರಣ್ಯ ಇಲಾಖೆಯ ಟಿಕೆಟ್ ತೆಗೆದು ನಡೆದು ಹತ್ತಿ ಎನ್ನುತ್ತೇನೆ.

ಈಗ ದುಡ್ಡು. ತಲಾ 6500, ಆರು ಗಾಡಿ, 39,000. ದುಬಾರಿ ಎಂದು ಮೊದಲು ಯಾರೂ ಬರಲಿಲ್ಲ, ಎರಡು ತಿಂಗಳು ಸುಮ್ನೆ ಕೂತಿದ್ದೆ. ನಂತರ ಬಂದವರೇ ಇನ್ನೊಬ್ಬರಿಗೆ ಹೇಳಿದರು. ತೋಟಕ್ಕೆ ಏಳು ಸಾವಿರ, ಊಟ ಚಾಯಕ್ಕೆ ಎಂಟು, ಹುಡುಗರ ಸಂಬಳ, ಡೀಸೆಲ್ ಎಲ್ಲ ಸೇರಿ ಇಪ್ಪತ್ತೈದರ ಹತ್ತಿರ. ಹದಿಮೂರು, ಹದಿನಾಲ್ಕು ಸಾವಿರ ಉಳಿಯುತ್ತದೆ. ಜನ ಜಾಸ್ತಿ ಇದ್ದರೆ ಶನಿವಾರ ಒಂದು ಗುಂಪು, ಭಾನುವಾರ ಒಂದು. ಹದಿನಾರನ್ನು ಒಟ್ಟಿಗೆ ಹತ್ತಿಸುವುದಿಲ್ಲ. ಊಟದ ಪಿಕಪ್ಪನ್ನು ಹಿಂದೆ ಕಟ್ಟಿಕೊಂಡು ಹೋಗುವುದೂ ಇಲ್ಲ, ಅದು ಟಾರು ರಸ್ತೆಯಲ್ಲಿ ಸುತ್ತಿ ಬಂದು ಹನ್ನೆರಡೂವರೆಗೆ ತೋಟದ ಮನೆಯಲ್ಲಿ ಸಿದ್ಧ ಇರುತ್ತದೆ. ಗಂಜಿ, ಹುರುಳಿ ಚಟ್ನಿ, ಮಾವಿನ ಮಿಡಿ ಉಪ್ಪಿನಕಾಯಿ. ಗುಡ್ಡೆ ಹತ್ತಿ ಬಂದವರಿಗೆ ಅದರಷ್ಟು ಹಿತ ಬೇರೆ ಇಲ್ಲ.

ಆ ಎರಡನೆಯ ಟ್ರಿಪ್ಪಿನಲ್ಲಿ ನಮ್ಮನ್ನು ಬರಬೇಡಿ ಎಂದ ತೋಟದವರು ಈ ವರ್ಷ ಮತ್ತೆ ಗೇಟು ತೆರೆದಿದ್ದಾರೆ. ಟ್ರಿಪ್ ಮುಗಿದ ಮರುದಿನ ಬೆಳಿಗ್ಗೆ ಇಬ್ಬರು ಆಳು ಹೋಗಿ ದಾರಿಯ ಗುಂಡಿ ಮುಚ್ಚಿ ಬರುತ್ತಾರೆ, ಆ ಖರ್ಚು ಮೇಲಿನ ಲೆಕ್ಕದಲ್ಲೇ ಇದೆ.

ಹಿಂದಿನ ಗಾಡಿಯಲ್ಲಿ ಡ್ರೈವರ್ ಬಿಟ್ಟು ಇನ್ನೊಬ್ಬ ಹುಡುಗ ಮಾತ್ರ. ಉಳಿದ ಸೀಟು ಖಾಲಿ ಬಿಡುತ್ತೇನೆ. ಯಾರದ್ದಾದರೂ ಗಾಡಿ ಗುಡ್ಡೆಯಲ್ಲೇ ಉಳಿಯಬೇಕಾಗಿ ಬಂದರೆ, ಆ ಮನೆಯವರು ಮಕ್ಕಳನ್ನು ಕರೆದುಕೊಂಡು ಅದರಲ್ಲಿ ಬೆಳಕಿರುವಾಗಲೇ ಇಳಿಯಬೇಕು. ಹನ್ನೊಂದು ಟ್ರಿಪ್‌ನಲ್ಲಿ ಆ ಸೀಟು ಇನ್ನೂ ಬೇಕಾಗಿಲ್ಲ. ಆದರೂ ಅದನ್ನು ಯಾರಿಗೂ ಮಾರುವುದಿಲ್ಲ.