ಚಿರೇಕಲ್ಲಿನ ಗೋಡೆ, ಸಿಮೆಂಟ್ ಗಿಲಾಯಿ ಮತ್ತು ನನ್ನ ಪೇಚಾಟ

ಅಂಕೋಲೆಯ ನಮ್ಮ ಹಳೇ ಮನೆಯ ಪಡುಗೋಡೆ ಚಿರೇಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆಯದು. ಪ್ರತಿ ಮಳೆಗಾಲ ಮುಗಿದ ಮೇಲೂ ಕೆಳಗಿನ ಮೂರು ಅಡಿ ಸಿಮೆಂಟ್ ಗಿಲಾಯಿ (ಪ್ಲಾಸ್ಟರ್) ಹಪ್ಪಳದಂತೆ ಉಬ್ಬಿ ಉದುರುತ್ತಿತ್ತು. ಎರಡು ಸಲ ವಾಟರ್‌ಪ್ರೂಫ್ ಪೇಂಟ್ ಬಳಿದೆ. ದುಡ್ಡು ಹೋಯಿತು, ಉಬ್ಬು ಹೆಚ್ಚಾಯಿತು.

ಚಿರೇಕಲ್ಲು ನೆಲದ ನೀರನ್ನು ಹೀರಿ ಮೇಲೆತ್ತುತ್ತದೆ, ಜೊತೆಗೆ ಉಪ್ಪನ್ನೂ. ಸಿಮೆಂಟ್ ಮತ್ತು ಪೇಂಟ್ ಆ ತೇವ ಆರಲು ದಾರಿ ಬಿಡುವುದಿಲ್ಲ. ಸುಣ್ಣದ ಗಾರೆ ಬಿಡುತ್ತದೆ. ತಮಾಷೆಯೆಂದರೆ ಸಿಮೆಂಟ್, ಸುಣ್ಣ ಎರಡರ ಮೂಲವೂ ಸುಣ್ಣದಕಲ್ಲೇ: ಜೇಡಿಯೊಂದಿಗೆ ಸುಮಾರು 1450 ಡಿಗ್ರಿಯಲ್ಲಿ ಸುಟ್ಟು ಅರೆದರೆ ಸಿಮೆಂಟ್, ಬರೀ ಕಲ್ಲನ್ನು 900ರ ಆಸುಪಾಸಿನಲ್ಲಿ ಸುಟ್ಟರೆ ಸುಣ್ಣ. ನಮ್ಮ ಕರಾವಳಿಯ ಹಿರಿಯರು ಕಲ್ಲಿನ ಬದಲು ಚಿಪ್ಪಿ ಸುಡುತ್ತಿದ್ದರು. ಅದೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್.

ಜನವರಿಯಲ್ಲಿ ಗಿಲಾಯಿ ಕಿತ್ತು, ಕಲ್ಲಿನ ಉಪ್ಪನ್ನು ಒಣ ಬ್ರಶ್‌ನಿಂದ ಉಜ್ಜಿ, ಎರಡು ತಿಂಗಳು ಹಾಗೇ ಆರಲು ಬಿಟ್ಟೆ. ಸುಟ್ಟ ಸುಣ್ಣವನ್ನು ನೀರಿಗೆ ಹಾಕಿದಾಗ ಕೊತಕೊತ ಕುದಿದು ನನ್ನ ಪ್ಲಾಸ್ಟಿಕ್ ಬಕೆಟ್ ಸೊಟ್ಟಗಾಯಿತು. ಕಬ್ಬಿಣದ ಡ್ರಮ್ಮೇ ಬೇಕು, ಕಣ್ಣಿಗೆ ಕನ್ನಡಕವೂ. ನೀರಿನಡಿ ಮೂರು ವಾರ ಇಟ್ಟಾಗ ಬೆಣ್ಣೆಯಂತಾಯಿತು. ಒಂದು ಪಾಲು ಸುಣ್ಣ, ಮೂರು ಪಾಲು ಹೊಳೆಮರಳು. ಕಡಲ ಮರಳು ಹತ್ತಿರದಲ್ಲೇ ಇತ್ತು, ಆದರೆ ಮತ್ತೆ ಉಪ್ಪು ಯಾರಿಗೆ ಬೇಕು?

ಮೇಸ್ತ್ರಿ "ಒಂದು ಮುಷ್ಟಿ ಸಿಮೆಂಟ್ ಹಾಕ್ವ, ಬೇಗ ಗಟ್ಟಿಯಾಗ್ತದೆ" ಎಂದ. ಒಪ್ಪಲಿಲ್ಲ. ತೆಳುವಾಗಿ ಎರಡು ಪದರ, ಮೇಲೆ ಒದ್ದೆ ಗೋಣಿ, ಕೊನೆಗೆ ಸುಣ್ಣದ ತಿಳಿಯನ್ನೇ ಬಳಿದದ್ದು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರುತ್ತಾ ಅದು ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ.

ಎರಡು ಮಳೆಗಾಲ ಕಳೆದಿವೆ. ಮೂಲೆಯಲ್ಲಿ ಅಂಗೈಯಗಲ ಬಿಳಿ ಉಪ್ಪು ಕಂಡಿತ್ತು, ಪೊರಕೆಯಿಂದ ಗುಡಿಸಿದೆ.